ಹಾಸನದ ಶ್ವಾಸಕೋಶ ಕ್ಲಿನಿಕ್: ಊದುವುದಕ್ಕೆ ಪೂರ್ತಿ ಅಂಕ, ನಡಿಗೆಗೆ ಅರ್ಧ

ಶ್ವಾಸಕೋಶ ಕಸಿಗೆ ರೋಗಿಯನ್ನು ಬೆಂಗಳೂರಿಗೆ ಯಾವಾಗ ಕಳಿಸಬೇಕು ಎಂದು ತೀರ್ಮಾನಿಸುವ ಮೊದಲ ಪರೀಕ್ಷೆಗಳು ಹಾಸನದ ಈ ಖಾಸಗಿ ಕ್ಲಿನಿಕ್‌ನಲ್ಲೇ ಆಗುತ್ತವೆ. ಉಸಿರು ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಸ್ಪೈರೋಮೆಟ್ರಿ ಅಚ್ಚುಕಟ್ಟು. ಟೆಕ್ನಿಷಿಯನ್ "ಊದಿ ಅಜ್ಜ, ಊದಿ, ಇನ್ನೂ ಊದಿ" ಎನ್ನುತ್ತಲೇ ಇರುತ್ತಾರೆ. ಮೂರು ಊದು ಸರಿಯಾಗಿ ಸಿಗದೆ ವರದಿ ಕೊಡುವುದಿಲ್ಲ.

ಎಡವಿದ್ದು ಆರು ನಿಮಿಷದಲ್ಲಿ ರೋಗಿ ಎಷ್ಟು ದೂರ ನಡೆಯುತ್ತಾರೆ ಎಂದು ನೋಡುವ ನಡಿಗೆ ಪರೀಕ್ಷೆಯಲ್ಲಿ. ಅದಕ್ಕೆ 30 ಮೀಟರ್ ನೇರ ಜಾಗ ಬೇಕು, ಇಲ್ಲಿನ ವರಾಂಡ 12 ಮೀಟರ್. ತಿರುಗುವುದರಲ್ಲೇ ಹೊತ್ತು ಕಳೆದು ದೂರ ಕಡಿಮೆ ಬರುತ್ತದೆ, ಕಾಯಿಲೆ ಇರುವುದಕ್ಕಿಂತ ಜೋರಾಗಿ ಕಾಣುತ್ತದೆ. ಚಳಿಗೆ ಮರಗಟ್ಟಿದ ಬೆರಳಿಗೆ ಹಾಗೇ ಆಕ್ಸಿಮೀಟರ್ ಸಿಕ್ಕಿಸುವುದೂ ತಪ್ಪು. ಉಜ್ಜಿ ಬೆಚ್ಚಗಾಗಿಸದಿದ್ದರೆ ಅಂಕಿ ನಂಬುವಂತಿಲ್ಲ. (ಡಿಸೆಂಬರ್ ಬೆಳಗಿನ ಅಪಾಯಿಂಟ್‌ಮೆಂಟ್ ಬೇಡವೇ ಬೇಡ.)

ವೈದ್ಯರ ಲೆಕ್ಕಾಚಾರ ಮಾತ್ರ ಗಟ್ಟಿ. ಶ್ವಾಸಕೋಶ ಕಲೆಗಟ್ಟಿ ಬಿಗಿಯಾಗುವ ಫೈಬ್ರೋಸಿಸ್‌ನಲ್ಲಿ ಎಫ್‌ವಿಸಿ (ಪೂರ್ತಿ ಉಸಿರೆಳೆದು ಜೋರಾಗಿ ಊದಿದಾಗ ಹೊರಬರುವ ಒಟ್ಟು ಗಾಳಿ) ಇರಬೇಕಾದದ್ದರ 80%ಕ್ಕಿಂತ ಅಥವಾ ಡಿಎಲ್‌ಸಿಒ (ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ಎಷ್ಟು ದಾಟುತ್ತದೆ ಎಂಬ ಅಳತೆ) 40%ಕ್ಕಿಂತ ಕೆಳಗಿಳಿದರೆ, ಔಷಧಿ ನಡೆಯುತ್ತಿದ್ದರೂ, ಕಸಿ ಕೇಂದ್ರಕ್ಕೆ ಕಾಗದ ಬರೆಯುತ್ತಾರೆ. ಕಳಿಸುವುದು ಬೇರೆ, ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯ ಕಾಯುವ ಪಟ್ಟಿಗೆ ಹೆಸರು ಸೇರುವುದು ಬೇರೆ ಎಂದು ಮನೆಯವರಿಗೆ ಬಿಡಿಸಿ ಹೇಳುತ್ತಾರೆ. ಬೀಡಿ ಬಿಡದವರ ಹೆಸರು ಮುಂದಕ್ಕೆ ಹೋಗುವುದಿಲ್ಲ ಎಂಬುದನ್ನೂ ಮುಚ್ಚಿಡುವುದಿಲ್ಲ. ಡಿಎಲ್‌ಸಿಒ ಯಂತ್ರ ಇಲ್ಲಿಲ್ಲ. ಅದಕ್ಕೆ ಬೇರೆ ಕಡೆ ಹೋಗಬೇಕು. ಸಿಟಿ ಸ್ಕ್ಯಾನ್ ಮಾಡಿಸಿದರೆ ಫಿಲಂ ಜೊತೆ ಸಿಡಿಯನ್ನೂ ಕೇಳಿ ಪಡೆಯಿರಿ.