ಮದುವೆ ತಯಾರಿ ಕೋರ್ಸ್: ಉಳಿದದ್ದೆಲ್ಲ ಚೆನ್ನ, ಬಸಿರಿನ ಪಾಠ ಮಾತ್ರ ಸಾಲದು

ಮುಂಬೈಯಲ್ಲಿ ಕ್ಯಾಥೋಲಿಕ್ ಚರ್ಚಿನಲ್ಲಿ ಮದುವೆಯಾಗಬೇಕಾದರೆ ಮೊದಲು ಮದುವೆ ತಯಾರಿ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ತಂದುಕೊಡಬೇಕು. ನಾನು ಕ್ಯಾಥೋಲಿಕಳಲ್ಲ. ಗದಗ-ಬೆಟಗೇರಿಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು, ಬಾಸೆಲ್ ಮಿಷನ್ನಿನವರ ಕಾಲದಿಂದ ನಮ್ಮದು ಪ್ರಾಟೆಸ್ಟೆಂಟ್ ಮನೆತನ. ಹುಡುಗ ಮಂಗಳೂರು ಮೂಲದ ಕ್ಯಾಥೋಲಿಕ, ಹುಟ್ಟಿ ಬೆಳೆದದ್ದು ಮಲಾಡಿನ ಓರ್ಲೆಮ್‌ನಲ್ಲಿ. ಇಂಥ ಮದುವೆಗೆ ಬಿಷಪ್ಪರ ಕಡೆಯಿಂದ ಅನುಮತಿ ಬೇಕು. ಮಕ್ಕಳಿಗೆ ಕ್ಯಾಥೋಲಿಕ್ ಸಭೆಯಲ್ಲೇ ದೀಕ್ಷಾಸ್ನಾನ ಮಾಡಿಸಲು ಕೈಲಾದಷ್ಟು ಪ್ರಯತ್ನಿಸುತ್ತೇನೆ ಎಂದು ಅವನು ಮಾತು ಕೊಡಬೇಕು, ಅದು ನನಗೂ ತಿಳಿದಿರಬೇಕು. ನಮ್ಮಂಥ ಜೋಡಿಗಳು ಈ ಊರಲ್ಲಿ ಬೇಕಾದಷ್ಟಿವೆ, ಕನ್ನಡದಲ್ಲಿ ಯಾರೂ ಬರೆದಂತೆ ಕಾಣಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕೇಂದ್ರದ ಹೆಸರು ಬೇಡ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ದುಡ್ಡಿನ ಪಾಠ ತುಂಬ ಚೆನ್ನಾಗಿತ್ತು. ವಸಯಿ ಕಡೆಯ ಗಂಡ-ಹೆಂಡತಿ ನಡೆಸಿದರು. ಹುಡುಗ-ಹುಡುಗಿಯನ್ನು ದೂರ ದೂರ ಕೂರಿಸಿ, ತಿಂಗಳ ಖರ್ಚು, ಸಾಲ, ಊರಿಗೆ ಕಳಿಸುವ ಹಣ ಎಲ್ಲ ಒಂದು ಹಾಳೆಯಲ್ಲಿ ಬರೆಸಿ, ಆಮೇಲೆ ಹಾಳೆ ಅದಲುಬದಲು ಮಾಡಿಸಿದರು. ನಾನು ಅಪ್ಪನ ಔಷಧಿಗೆ ಎಷ್ಟು ಕಳಿಸುತ್ತೇನೆ ಎನ್ನುವುದು ಅವನಿಗೆ ಗೊತ್ತಾದದ್ದು ಅಲ್ಲೇ. ಅತ್ತೆ-ಮಾವನ ಜೊತೆ ಒಂದೇ ಬೆಡ್‌ರೂಮಿನ ಮನೆಯಲ್ಲಿ ಬಾಳುವುದು, ಜಗಳವಾದಾಗ ಯಾರು ಮೊದಲು ಮಾತಾಡಬೇಕು, ಇದೆಲ್ಲ ಬಾಯಿಬಿಟ್ಟು ಮಾತಾಡಿಸಿದರು. ಊಟ, ಚಹಾ, ಜಾಗ ಯಾವುದರಲ್ಲೂ ಕೊರತೆಯಿಲ್ಲ.

ಮಕ್ಕಳ ವಿಷಯದ ಪಾಠಕ್ಕೆ ಬಂದಾಗ ನನಗೆ ಸಂಕಟವಾಯಿತು.

ಶುರು ಸರಿಯಾಗಿಯೇ ಇತ್ತು. ಆರನೇ ಪೌಲ್ ಪೋಪರು 1968ರಲ್ಲಿ ಹೊರಡಿಸಿದ ಪತ್ರದ ಪ್ರಕಾರ ಕ್ಯಾಥೋಲಿಕರಿಗೆ ಮಾತ್ರೆ, ಕಾಂಡೋಮ್ ಏಕೆ ಸಲ್ಲದು, ತಿಂಗಳ ದಿನ ಲೆಕ್ಕ ಇಡುವುದು ಹೇಗೆ ಎಂದು ವಿವರಿಸಿದರು. ಹೆಣ್ಣುಭ್ರೂಣ ಎಂದು ಗೊತ್ತಾದ ಮೇಲೆ ತೆಗೆಸುವ ಪಾಪದ ಬಗ್ಗೆ ಗಟ್ಟಿಯಾಗಿ ಹೇಳಿದರು. ಈ ಲಿಂಗ ಪತ್ತೆ ಪರೀಕ್ಷೆ ತಡೆಯಲು ಇಡೀ ದೇಶದಲ್ಲಿ ಮೊದಲು ಕಾನೂನು ತಂದದ್ದು ಮಹಾರಾಷ್ಟ್ರ, 1988ರಲ್ಲಿ ಎಂದು ನೆನಪಿಸಿದರು. ಈ ಮಾತಿಗೆ ನಾನೂ ತಲೆಯಾಡಿಸಿದೆ.

ಆಮೇಲೆ ಒಂದು ಪುಟ್ಟ ಡಬ್ಬಿ ಬಂತು. ಒಳಗೆ ಹತ್ತಿಯ ಮೇಲೆ ಮಲಗಿಸಿದ ತಿಳಿಗುಲಾಬಿ ಬಣ್ಣದ ಪ್ಲಾಸ್ಟಿಕ್ ಕೂಸು, ಹನ್ನೆರಡು ವಾರದ್ದಂತೆ, ಮಡಚಿದ ಕಾಲು, ಮುಖದ ಹತ್ತಿರ ಹಿಡಿದ ಮುಷ್ಟಿ. ಕೈಯಿಂದ ಕೈಗೆ ದಾಟಿಸಿ ಎಂದರು. ನನ್ನ ಪಕ್ಕದ ಹುಡುಗಿ ಡಬ್ಬಿಯೊಳಗೆ ಕಣ್ಣು ಹಾಯಿಸಲೇ ಇಲ್ಲ. ಮುಚ್ಚಳ ಒತ್ತಿ ಹಾಕಿ ನನ್ನ ಕೈಗೆ ಕೊಟ್ಟು, ಕೈ ದುಪಟ್ಟಾಕ್ಕೆ ಒರೆಸಿಕೊಂಡು ನೆಲ ನೋಡುತ್ತ ಕೂತಳು. ಯಾಕೆಂದು ನಾನು ಕೇಳಲಿಲ್ಲ, ಕೇಳುವ ಹಕ್ಕೂ ನನಗಿಲ್ಲ. ಅಷ್ಟು ಹೊತ್ತಿಗೆ ಭಾಷಣಕಾರರು, ನಿಜವಾದ ಕ್ರೈಸ್ತ ಹೆಣ್ಣಿನ ಬಾಯಲ್ಲಿ ಗರ್ಭಪಾತದ ಮಾತೇ ಬರಕೂಡದು ಎಂದು ಹೇಳಿ ಮುಂದಿನ ಸ್ಲೈಡಿಗೆ ಹೋಗಿದ್ದರು.

ನನ್ನ ತಕರಾರು ಈ ಮಾತಿನ ಮೇಲೆಯೇ. ಹೊಟ್ಟೆಯಲ್ಲಿರುವ ಜೀವ ದೇವರು ನೇಯ್ದದ್ದು ಎಂದು ನಾನೂ ನಂಬುತ್ತೇನೆ. ಹೀಗೆನ್ನುವ ಬೈಬಲಿನ ನೂರ ಮೂವತ್ತೊಂಬತ್ತನೇ ಕೀರ್ತನೆಯನ್ನು ಭಾನುವಾರದ ಶಾಲೆಯಲ್ಲಿ ಬಾಯಿಪಾಠ ಮಾಡಿದವಳು ನಾನು. ಆದರೆ ಆ ಒಂದು ನಿಲುವನ್ನು ಕ್ರೈಸ್ತರು ಹೌದೋ ಅಲ್ಲವೋ ಎಂದು ಅಳೆಯುವ ಗಜಕಡ್ಡಿ ಮಾಡಿದರೆ ನಮ್ಮ ಚರಿತ್ರೆಯೇ ಅದಕ್ಕೆ ಒಗ್ಗುವುದಿಲ್ಲ. ಅಮೆರಿಕದ ದೊಡ್ಡ ಪ್ರಾಟೆಸ್ಟೆಂಟ್ ಸಭೆಯಾದ ಸದರ್ನ್ ಬ್ಯಾಪ್ಟಿಸ್ಟರು ಈಗ ಗರ್ಭಪಾತದ ಕಟ್ಟಾ ವಿರೋಧಿಗಳು. ಅದೇ ಸಭೆ 1971ರಲ್ಲಿ, ಅತ್ಯಾಚಾರವಾದಾಗ, ಭ್ರೂಣಕ್ಕೆ ತೀವ್ರ ಊನವಿದ್ದಾಗ, ತಾಯಿಯ ದೇಹಕ್ಕೋ ಮನಸ್ಸಿಗೋ ಹಾನಿಯಾಗುವಂತಿದ್ದಾಗ ಕಾನೂನು ಅವಕಾಶ ಕೊಡಲಿ ಎಂದು ಠರಾವು ಮಾಡಿತ್ತು. ಐರ್ಲೆಂಡಿನಲ್ಲಿ 2016ರ ಜನಗಣತಿಯಲ್ಲಿ ಶೇ. 78ರಷ್ಟು ಜನ ಕ್ಯಾಥೋಲಿಕರೆಂದು ಬರೆಸಿದ್ದರು. ಎರಡೇ ವರ್ಷದಲ್ಲಿ, 2018ರ ಮೇ 25ರಂದು, ಗರ್ಭಪಾತ ತಡೆಯುತ್ತಿದ್ದ ಸಂವಿಧಾನದ ಕಲಮನ್ನು ತೆಗೆಯಲು ಶೇ. 66.4 ಮತ ಬಿತ್ತು. ಅವರಲ್ಲಿ ಎಷ್ಟೋ ಜನ ಪೂಜೆಗೆ ಹೋಗುವವರೇ ಇದ್ದಿರಬೇಕು.

ಆ ಮತದ ಹಿಂದೆ ನಮ್ಮ ಬೆಳಗಾವಿಯ ಹೆಣ್ಣುಮಗಳೊಬ್ಬಳಿದ್ದಾಳೆ. ಸವಿತಾ ಹಾಲಪ್ಪನವರ್, ದಂತವೈದ್ಯೆ, 31 ವರ್ಷ. 2012ರ ಅಕ್ಟೋಬರಿನಲ್ಲಿ ಗಾಲ್ವೇಯ ಆಸ್ಪತ್ರೆಗೆ ಹೋದಾಗ ಹದಿನೇಳು ವಾರದ ಬಸಿರು, ಅದು ಉಳಿಯುವುದಿಲ್ಲ ಎಂದು ವೈದ್ಯರಿಗೇ ಖಚಿತವಾಗಿತ್ತು. ತೆಗೆದುಬಿಡಿ ಎಂದು ಕೇಳಿಕೊಂಡರೂ ಭ್ರೂಣದ ಎದೆಬಡಿತ ಇದೆಯೆಂದು ತೆಗೆಯಲಿಲ್ಲ. ಇದು ಕ್ಯಾಥೋಲಿಕ್ ದೇಶ ಎಂದು ಅಲ್ಲಿನ ಸೂಲಗಿತ್ತಿ ನರ್ಸ್ ಒಬ್ಬರು ಹೇಳಿದ್ದು ವಿಚಾರಣೆಯಲ್ಲಿ ಒಪ್ಪಿತವಾದ ಮಾತು. ರಕ್ತಕ್ಕೆ ನಂಜೇರಿ 28ರಂದು ಆಕೆ ತೀರಿಕೊಂಡಳು. ತಾಯಿಯ ಜೀವಕ್ಕಿಂತ ಕೂಸಿನದೇ ಹೆಚ್ಚು ಎಂದು ಸಭೆ ಯಾವತ್ತೂ ಬೋಧಿಸಿಲ್ಲ ಎಂದು ಐರ್ಲೆಂಡಿನ ಬಿಷಪ್ಪರು ಆಮೇಲೆ ಹೇಳಿಕೆ ಕೊಟ್ಟರು. ಹಾಗಿದ್ದರೆ ಆ ಮಾತನ್ನು ಇಂಥ ಕೋರ್ಸಿನಲ್ಲಿ, ಮದುವೆಗೆ ಮುಂಚೆ, ಹುಡುಗರ ಕಿವಿಗೂ ಬೀಳುವಂತೆ ಹೇಳಬೇಡವೇ?

ನಾನು ಎದ್ದುನಿಂತು ಕೇಳಿದೆ: ಗರ್ಭಕೋಶದ ಬದಲು ನಾಳದಲ್ಲಿ ಬಸಿರು ನಿಂತರೆ ಏನು ಮಾಡಬೇಕು? ಭಾಷಣಕಾರರು ಫಾದರ್ ಕಡೆ ನೋಡಿದರು. ಉತ್ತರ ಕೊಟ್ಟದ್ದು ಹಿಂದಿನ ಸಾಲಿನಲ್ಲಿ ಹಾಜರಿ ಬರೆದುಕೊಳ್ಳುತ್ತಿದ್ದ ವಯಸ್ಸಾದ ಆಂಟಿ, ನಿವೃತ್ತ ನರ್ಸ್. ಕೆಟ್ಟುಹೋದ ನಾಳವನ್ನು ತೆಗೆಯುವುದು ಚಿಕಿತ್ಸೆ, ಕೂಸನ್ನು ಕೊಲ್ಲಬೇಕೆಂಬ ಉದ್ದೇಶ ಅದರಲ್ಲಿಲ್ಲ, ಸಭೆ ಅದನ್ನು ತಡೆಯುವುದಿಲ್ಲ, ಹೊಟ್ಟೆನೋವು ಎಂದರೆ ಒಂದು ಗಂಟೆಯೂ ಕಾಯಬೇಡಿ ಎಂದರು. ಜೊತೆಗೆ ಇನ್ನೊಂದು ಮಾತು ಸೇರಿಸಿದರು: ಯಾವಾಗಲೋ ತೆಗೆಸಿಕೊಂಡವರು ಇಲ್ಲಿ ಇದ್ದರೆ ಯಾವ ಫಾದರ್ ಹತ್ತಿರವಾದರೂ ಪಾಪನಿವೇದನೆ ಮಾಡಬಹುದು, ಕ್ಷಮೆ ಕೊಡುವ ಅಧಿಕಾರವನ್ನು ಫ್ರಾನ್ಸಿಸ್ ಪೋಪರು 2016ರಲ್ಲಿ ಎಲ್ಲ ಪಾದ್ರಿಗಳಿಗೂ ಕೊಟ್ಟಿದ್ದಾರೆ. ಪಕ್ಕದ ಹುಡುಗಿ ಆಗ ತಲೆ ಎತ್ತಿದಳು. ಆ ಆಂಟಿಯ ಕೈಗೇ ಇಡೀ ಪಾಠವನ್ನು ಒಪ್ಪಿಸಬೇಕು, ಇದು ನನ್ನ ಕಳಕಳಿಯ ವಿನಂತಿ.

ಗರ್ಭಪಾತದ ಬಗ್ಗೆ ನಮ್ಮ ದೇಶದ ಕಾನೂನು ಏನು ಹೇಳುತ್ತದೆ ಎಂದು ಒಂದಕ್ಷರ ಇರಲಿಲ್ಲ. ಒಪ್ಪುವುದು ಬಿಡುವುದು ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು, ತಿಳಿದಿರಬೇಕಾದದ್ದಂತೂ ಹೌದು. 1971ರ ಕಾಯ್ದೆ, 2021ರ ತಿದ್ದುಪಡಿ: ಇಪ್ಪತ್ತು ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, ಇಪ್ಪತ್ತನಾಲ್ಕರವರೆಗೆ ಕೆಲವು ವರ್ಗದ ಹೆಂಗಸರಿಗೆ ಇಬ್ಬರದು ಬೇಕು, ಅದರಾಚೆ ಭ್ರೂಣಕ್ಕೆ ಗಂಭೀರ ಊನವಿದ್ದರೆ ಮೆಡಿಕಲ್ ಬೋರ್ಡ್ ತೀರ್ಮಾನಿಸುತ್ತದೆ. ವಯಸ್ಕ ಹೆಂಗಸಿನ ಸಹಿ ಒಂದಿದ್ದರೆ ಸಾಕು, ಗಂಡನ ಸಹಿ ಬೇಕಿಲ್ಲ. ಹೆಸರು ಗುಟ್ಟಾಗಿ ಇಡಬೇಕು.

ನಮ್ಮವ್ವ ಊರಲ್ಲಿ ಬಹಳ ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದಾಕಿ, ದಿನಾ ಬೈಬಲ್ ಓದುವಾಕಿ. ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅಂದಳು: "ಬಸುರಿ ಎದುರಿಗೆ ಬಂದು ನಿಂತ್ರ ಮೊದ್ಲ ಆಕಿ ನಾಡಿ ಹಿಡದ ನೋಡ್ಬೇಕವಾ. ಪ್ರಾರ್ಥನಾ ಅದರ ಜೋಡಿನ ಮಾಡೂಣು."

ಕೋರ್ಸಿಗೆ ಹೋಗಿ. ಮದುವೆಗೆ ಕೆಲವು ತಿಂಗಳು ಮುಂಚೆಯೇ ಹೆಸರು ಬರೆಸಿ, ಜಾಗ ಬೇಗ ತುಂಬುತ್ತದೆ. ನಮ್ಮ ಬ್ಯಾಚ್ ನಡೆದದ್ದು ಇಂಗ್ಲಿಷಿನಲ್ಲಿ, ನಡುನಡುವೆ ಕೊಂಕಣಿ. ಕನ್ನಡ ಮಾತ್ರ ಬರುವ ಅಪ್ಪ-ಅಮ್ಮನಿಗೆ ಕೊಡಲು ಒಂದು ಹಾಳೆಯಾದರೂ ಕನ್ನಡದಲ್ಲಿ ಮಾಡಿಸಿ ಎಂದು ಅಭಿಪ್ರಾಯದ ಫಾರ್ಮಿನಲ್ಲಿ ಬರೆದುಬಂದಿದ್ದೇನೆ. ಡಬ್ಬಿಯ ಬಗ್ಗೆಯೂ ಬರೆದಿದ್ದೇನೆ. ಐದರಲ್ಲಿ ಮೂರೂವರೆ ಕೊಡುತ್ತೇನೆ, ಅದರಲ್ಲಿ ಒಂದು ಪೂರ್ತಿ ಆ ಆಂಟಿಯದು.