ಹ್ಯಾವ್‌ಲಾಕ್‌ನಲ್ಲಿ ಹವಳ ನೋಡಲು: ಗಾಜಿನ ದೋಣಿಯೋ, ಸ್ಕೂಬಾವೋ, ಸ್ನಾರ್ಕೆಲಿಂಗೋ?

ಅಂಡಮಾನಿನ ಹ್ಯಾವ್‌ಲಾಕ್‌ಗೆ 2018ರಲ್ಲಿ ಸ್ವರಾಜ್ ದ್ವೀಪ ಎಂದು ಹೆಸರಿಟ್ಟರೂ ಜೆಟ್ಟಿಯಲ್ಲಿ ನಮ್ಮ ಕಿವಿಗೆ ಬಿದ್ದದ್ದು ಹಳೆಯ ಹೆಸರೇ. ಫೆಬ್ರವರಿಯಲ್ಲಿ ಅಮ್ಮ, ನಾನು, 11 ವರ್ಷದ ಮಗಳು ಅಲ್ಲಿ 4 ದಿನ ಇದ್ದೆವು. ಮೂವರಿಗೂ ಈಜು ಬಾರದು. ಹವಳವನ್ನಂತೂ ನೋಡಲೇಬೇಕಿತ್ತು.

ಅಮ್ಮನ ಮಂಡಿನೋವು ನೆನೆದು ಎಲಿಫೆಂಟ್ ಬೀಚ್‌ನಲ್ಲಿ ಮೊದಲು ಗಾಜಿನ ತಳದ ದೋಣಿ ಹತ್ತಿದೆವು. ಗಾಜು ಗೀರುಬಿದ್ದು ಮಸುಕಾಗಿತ್ತು, ಹವಳವೆಲ್ಲ ಮಣ್ಣುಬಣ್ಣ. ಒಂದು ನೀಲಿ ನಕ್ಷತ್ರಮೀನು ಕಂಡಾಗ ಮಾತ್ರ ಅಮ್ಮ "ಅಗೋ, ಅಗೋ ನೋಡೇ" ಎಂದು ನನ್ನ ತೋಳು ಜಗ್ಗಿದಳು. ನೀರಿಗೆ ಇಳಿಯಲು ಆಗದವರಿಗೆ ಸರಿ, ಉಳಿದವರು ಆ ದುಡ್ಡು ಉಳಿಸಿಕೊಳ್ಳಿ.

ಮರುದಿನ ಬೆಳಿಗ್ಗೆ ನೀಮೋ ರೀಫ್ ಎಂಬ ಹವಳದ ದಿಬ್ಬದಲ್ಲಿ ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕೆ ಇಳಿಯುವುದು. ದಡದಿಂದಲೇ ನಡೆದು ಇಳಿಯಬೇಕು, ತರಬೇತುದಾರರು ಬೆನ್ನ ಹಿಂದೆ ಸಿಲಿಂಡರ್ ಹಿಡಿದೇ ಇರುತ್ತಾರೆ, ಹಾಗಾಗಿ ಈಜು ಬೇಕಿಲ್ಲ. ಇಳಿಯುತ್ತಾ ಮೂಗು ಹಿಡಿದು ಗಾಳಿ ಊದಿ ಕಿವಿ ಬಿಡಿಸಿಕೊಳ್ಳಬೇಕು. ನೆಗಡಿ ಇದ್ದವರು ದಯವಿಟ್ಟು ಇಳಿಯಬೇಡಿ. ಕೆಳಗೆ ಹೋದಂತೆ ನನ್ನ ಕೈಗೆ ಕಟ್ಟಿದ್ದ ಕೆಂಪು ದಾರ ಕಾಫಿಬಣ್ಣಕ್ಕೆ ತಿರುಗಿತು. ನೀರು ಮೊದಲು ನುಂಗುವುದು ಕೆಂಪನ್ನೇ. ಮಗಳು ಖುಷಿಗೆ ಹೆಬ್ಬೆರಳು ಎತ್ತಿಬಿಟ್ಟಳು. ಅಲ್ಲಿ ಅದಕ್ಕೆ 'ಮೇಲೆ ಹೋಗೋಣ' ಎಂದು ಅರ್ಥ, ತಕ್ಷಣ ಮೇಲೆ ತಂದರು! ಮತ್ತೆ ಇಳಿದು ಮುಗಿಸಿದೆವು. ಮೀನಿನ ಹಿಂಡಿನ ನಡುವೆ ತೂಗುವ ಸುಖ ಬೇರೆಲ್ಲೂ ಇಲ್ಲ. ಆದರೆ ಎಲ್ಲಿ ನಿಲ್ಲಬೇಕು, ಏನು ನೋಡಬೇಕು ಎಂಬುದೆಲ್ಲ ಅವರ ಕೈಯಲ್ಲಿ. ವಿಮಾನಕ್ಕೆ ಮುಂಚೆ 18 ಗಂಟೆಯಾದರೂ ಬಿಡುವಿರಬೇಕು, ಆದ್ದರಿಂದ ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ.

ನನ್ನ ಮನಸ್ಸು ಗೆದ್ದದ್ದು ಸ್ನಾರ್ಕೆಲಿಂಗ್. ಲೈಫ್ ಜಾಕೆಟ್ ತೊಟ್ಟು, ಉಸಿರಾಡುವ ಕೊಳವೆ ಬಾಯಲ್ಲಿ ಕಚ್ಚಿ, ತೇಲುವ ಟ್ಯೂಬ್ ಹಿಡಿದು, ಮುಖ ನೀರಿಗಿಟ್ಟರೆ ಸಾಕು. ಮೊದಲ ಸಲ ಬಂದ ಗೈಡ್ ನಮ್ಮನ್ನು ದರದರ ಎಳೆದುಕೊಂಡು ಹೋದ, ಸುಸ್ತಾದಾಗ ಹವಳದ ಮೇಲೇ ಕಾಲೂರಿ ನಿಂತ. ನನಗೆ ಸಂಕಟವಾಯಿತು. ಅದು ಕಲ್ಲಲ್ಲ, ಜೀವ. 2010ರಲ್ಲಿ ಸಮುದ್ರ ಬಿಸಿಯಾಗಿ ಅಂಡಮಾನಿನ ಹವಳ ಬಿಳಿಚಿ ಎಷ್ಟೋ ಸತ್ತಿದೆ. ಉಳಿದದ್ದನ್ನು ನಾವು ತುಳಿಯಬೇಕೇ? ಎರಡನೇ ಸಲ ನಿಧಾನ ಸ್ವಭಾವದ ಬೇರೊಬ್ಬರನ್ನು ಕೇಳಿ ಪಡೆದೆವು. ಅವರು ಒಂದೇ ಕಡೆ ತೇಲಲು ಬಿಟ್ಟರು. ಆಗ ಕೇಳಿಸಿತು, ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ ಸದ್ದು. ಪುಟ್ಟ ಸೀಗಡಿಗಳು ಇಕ್ಕಳದಂಥ ಕಾಲಿನಿಂದ ಚಿಟಿಕೆ ಹೊಡೆಯುವುದಂತೆ. ಅದರ ನಡುವೆ ಹಸಿರು ಗಿಳಿಮೀನೊಂದು ಹವಳವನ್ನು ಕರಕರ ಕಚ್ಚಿ, ಸ್ವಲ್ಪ ಮುಂದೆ ಹೋಗಿ ಹಿಂದಿನಿಂದ ಬಿಳಿ ಪುಡಿ ಉದುರಿಸಿತು. ನಾವು ಬರಿಗಾಲಲ್ಲಿ ಓಡಾಡಿದ ಬೆಳ್ಳನೆಯ ಮರಳಿನಲ್ಲಿ ಅದರ ಪಾಲೂ ಇದೆ. ಸ್ಕೂಬಾದಲ್ಲಿ ನನ್ನ ಉಸಿರಿನ ಗುಳುಗುಳು ಬಿಟ್ಟು ಬೇರೇನೂ ಕೇಳಿಸಿರಲಿಲ್ಲ.

ಸೀ ವಾಕ್ ಮಾಡಲಿಲ್ಲ. ತಲೆಗೆ ಹೆಲ್ಮೆಟ್ ತೊಟ್ಟು ಸಮುದ್ರದ ತಳದಲ್ಲಿ ನಡೆಯುವ ಆಟ ನನಗೆ ಹಿಡಿಸಲಿಲ್ಲ.

ಕೊನೆಯ ದಿನ ಅಮ್ಮ ಸೀರೆ ಮಡಿಸಿಟ್ಟು ನನ್ನ ಚೂಡಿದಾರ್ ತೊಟ್ಟು, "ನೀರಲ್ಲಿ ಮಂಡಿ ಮೇಲೆ ಭಾರ ಬೀಳಲ್ವಲ್ಲ" ಎಂದು ತಾನೂ ಟ್ಯೂಬ್ ಹಿಡಿದಳು. ಮತ್ತೆ ಮುಖ ಎತ್ತಿದ್ದು ಬೋಟಿನವರು ಶಿಳ್ಳೆ ಹಾಕಿದಾಗಲೇ.