ಪಟ್ಟೆ ಮೂಡಿಸೋಕೆ ಎಂಬಿಬಿಎ ಬೇಕೋ, ಫೇಸ್ 5ಎ ಬೇಕೋ?

ಲಿಕ್ವಿಡ್ ಕ್ರಿಸ್ಟಲ್‌ನ ತೆಳು ಪದರಕ್ಕೆ ಎಸಿ ವೋಲ್ಟೇಜ್ ಕೊಟ್ಟು ಪಟ್ಟೆ ಮೂಡಿಸಬೇಕು, ಯಾವುದನ್ನು ತರಿಸಲಿ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಫೇಸ್ 5ಎ. ಲಿಕ್ವಿಡ್ ಕ್ರಿಸ್ಟಲ್ ಅಂದರೆ ದ್ರವದಂತೆ ಹರಿದರೂ ಅಣುಗಳು ಒಂದೇ ದಿಕ್ಕಿಗೆ ಸಾಲಾಗಿ ನಿಲ್ಲುವ ವಸ್ತು; ಎಂಬಿಬಿಎ, ಫೇಸ್ 5ಎ ಎರಡೂ ಅಂಥವೇ. ಬೆಂಗಳೂರಿನ ಮಳೆಗಾಲ, ಚಳಿಗಾಲ ಎರಡರಲ್ಲೂ, ಏರ್ ಕಂಡೀಷನರ್ ಇಲ್ಲದ ಲ್ಯಾಬಿನಲ್ಲಿ ಎರಡನ್ನೂ ಬಳಸಿದ್ದೇನೆ.

ಹೆಸರು ಜಾಸ್ತಿ ಇರುವುದು ಎಂಬಿಬಿಎಗೇ. 1963ರಲ್ಲಿ ಆರ್‌ಸಿಎ ಕಂಪನಿಯ ರಿಚರ್ಡ್ ವಿಲಿಯಮ್ಸ್ ಈ ಪಟ್ಟೆಗಳನ್ನು ಕಂಡು ವರದಿ ಮಾಡಿದ್ದು ನೂರು ಡಿಗ್ರಿ ದಾಟಿಸಿ ಕಾಯಿಸಬೇಕಾದ ವಸ್ತುವಿನಲ್ಲಿ. 1969ರಲ್ಲಿ ಎಂಬಿಬಿಎ ಬಂತು, ಒಲೆಯ ಕಾಟ ತಪ್ಪಿತು. ಸುಮಾರು 7 ವೋಲ್ಟ್ ಕೊಟ್ಟರೆ ಸಾಕು, ಮೈಕ್ರೋಸ್ಕೋಪಿನಲ್ಲಿ ಒಂದರ ಪಕ್ಕ ಒಂದು ಗೆರೆ ಏಳುತ್ತದೆ. ಒಳಗೆ ಸಿಕ್ಕಿಕೊಂಡ ಧೂಳಿನ ಕಣವೊಂದನ್ನೇ ನೋಡುತ್ತಾ ಕೂತರೆ, ಅದು ಮೇಲೆ ಬಂದು ಕೆಳಗೆ ಮುಳುಗಿ ಸುತ್ತುವುದು ಕಾಣುತ್ತದೆ. ವೋಲ್ಟೇಜ್ ಏರಿಸುತ್ತಾ ಹೋದರೆ ಕೊನೆಗೆ ಎಲ್ಲ ಕಲಸಿ ಹಾಲಿನಂತೆ ಬೆಳ್ಳಗಾಗುತ್ತದೆ.

ಇದೆಲ್ಲ ನಡೆಯುವುದು ಅಯಾನುಗಳಿಂದ, ಅಂದರೆ ವಿದ್ಯುದಾವೇಶವಿರುವ ಕಣಗಳಿಂದ. ಅಣುಗಳ ಸಾಲು ಸ್ವಲ್ಪ ಬಾಗಿದ ಕಡೆ ಅಯಾನುಗಳು ಗುಂಪುಗೂಡುತ್ತವೆ. ವೋಲ್ಟೇಜ್ ಅವನ್ನು ಎಳೆದಾಗ ದ್ರವವೂ ಜೊತೆಗೆ ಹರಿಯುತ್ತದೆ, ಆ ಹರಿವು ಬಾಗನ್ನು ಇನ್ನೂ ಹೆಚ್ಚಿಸುತ್ತದೆ. ಹಾಗಾಗಿ ಅಯಾನುಗಳ ಲೆಕ್ಕ ತಪ್ಪಿದರೆ ಪ್ರಯೋಗದ ಲೆಕ್ಕವೂ ತಪ್ಪಿದಂತೆ.

ಎಂಬಿಬಿಎ ತಲೆನೋವು ಶುರುವಾಗುವುದು ಇಲ್ಲೇ. ಅದಕ್ಕೆ ತೇವ ಆಗಿಬರಲ್ಲ. ಗಾಳಿಯ ನೀರಿನಂಶ ತಾಕಿದರೆ ಅಣು ನಡುವೆ ಮುರಿದು ಆಲ್ಡಿಹೈಡ್, ಅಮೀನ್ ಅಂತ ಎರಡಾಗುತ್ತದೆ. ಹೊಸ ಸೀಸೆಯದು ಸುಮಾರು 47 ಡಿಗ್ರಿಯವರೆಗೆ ನೆಮ್ಯಾಟಿಕ್ (ಅಣುಗಳು ಸಾಲಾಗಿದ್ದು ಪಟ್ಟೆ ಮೂಡಬಲ್ಲ ಸ್ಥಿತಿ) ಆಗಿರಬೇಕು. ಜುಲೈನಲ್ಲಿ ನಾಲ್ಕು ಸಲ ಮುಚ್ಚಳ ತೆಗೆದರೆ ಆ ಡಿಗ್ರಿ ಇಳಿಯತೊಡಗುತ್ತದೆ. ಜೊತೆಗೆ ವಿದ್ಯುತ್ ಹರಿಯುವ ಪ್ರಮಾಣವೂ ಬದಲಾಗುತ್ತದೆ. ಯಾವ ಫ್ರೀಕ್ವೆನ್ಸಿ ದಾಟಿದರೆ ಮಾಮೂಲಿ ಪಟ್ಟೆ ಹೋಗಿ ಸಣ್ಣ ಹೆಣಿಗೆಯಂಥ ಗೆರೆ ಬರುತ್ತದೋ, ಆ ಗಡಿಯೇ ಜರುಗುತ್ತದೆ. ಹೋದ ವಾರದ ಗ್ರಾಫಿನ ಮೇಲೆ ಈ ವಾರದ ಚುಕ್ಕೆಗಳು ಕೂರುವುದೇ ಇಲ್ಲ. ಸೆಲ್ (ಎರಡು ಗಾಜುಗಳ ನಡುವೆ ದ್ರವ ತುಂಬುವ ಸಂದು) ಕೆಟ್ಟಿದೆಯೋ, ಆಂಪ್ಲಿಫೈಯರ್ ಕೆಟ್ಟಿದೆಯೋ ಅಂತ ಹುಡುಕುವುದರಲ್ಲೇ ದಿನ ಕಳೆಯುತ್ತದೆ.

ಚಳಿಗಾಲದಲ್ಲಿ ಇನ್ನೊಂದು ರಗಳೆ. 20 ಡಿಗ್ರಿ ಆಸುಪಾಸಿನಲ್ಲೇ ಇದು ಹೆಪ್ಪುಗಟ್ಟಬಹುದು. ಡಿಸೆಂಬರ್ ಬೆಳಿಗ್ಗೆ ಸೀಸೆಯೊಳಗೆ ಕೊಬ್ಬರಿ ಎಣ್ಣೆಯ ಹಾಗೆ ಗಟ್ಟಿಯಾಗಿ ಕೂತಿರುತ್ತದೆ.

ಫೇಸ್ 5ಎಯಲ್ಲಿ ಇವೆರಡೂ ಇಲ್ಲ. ಮರ್ಕ್‌ನ ಈ ಅಜಾಕ್ಸಿ (ಒಂದು ಜಾತಿಯ ರಾಸಾಯನಿಕ) ಮಿಶ್ರಣ ಸೊನ್ನೆಗಿಂತ ಕೆಳಗಿನಿಂದ 70 ಡಿಗ್ರಿ ದಾಟುವವರೆಗೂ ನೆಮ್ಯಾಟಿಕ್. ಅಯಾನುಗಳನ್ನು ಮೊದಲೇ ಬೆರೆಸಿರುತ್ತಾರೆ, ಅಯಾನುಗಳಿಗಾಗಿ ನಾವು ಉಪ್ಪು ತೂಗುತ್ತಾ ಕೂರಬೇಕಿಲ್ಲ. ಕಡಿಮೆ ಫ್ರೀಕ್ವೆನ್ಸಿಯಲ್ಲಿ ಪಟ್ಟೆಗಳು ಓರೆಯಾಗಿ ಏಳುವ ಚೆಂದ ಇದರಲ್ಲಿ ನೋಡಬೇಕು. ಬೆಳಕಿಗೆ ಮಾತ್ರ ಹೆದರುತ್ತದೆ. ದೀಪಕ್ಕೆ ಒಂದು ಕಿತ್ತಳೆ ಫಿಲ್ಟರ್ ಹಾಕಿದರಾಯಿತು.

5ಸಿಬಿ ಎಂಬ ಇನ್ನೊಂದು ಲಿಕ್ವಿಡ್ ಕ್ರಿಸ್ಟಲ್? ಸುಲಭವಾಗಿ ಸಿಗುತ್ತದೆ, ಆದರೆ ವೋಲ್ಟೇಜ್ ಕೊಟ್ಟರೆ ಅಣುಗಳು ಸುಮ್ನೆ ಎದ್ದು ನಿಲ್ಲುತ್ತವೆ. ಈ ಕೆಲಸಕ್ಕೆ ಬೇಡ.

ಇನ್ನು ದುಡ್ಡು. ಗ್ರಾಂ ಲೆಕ್ಕದಲ್ಲಿ ನನಗೆ ಎಂಬಿಬಿಎ ಅಗ್ಗ ಬಿತ್ತು, ಹುಡುಕುವ ಕಷ್ಟವೂ ಕಡಿಮೆ. ಆದರೆ 25 ಮೈಕ್ರಾನ್ ದಪ್ಪದ, ಒಂದು ಚದರ ಸೆಂಟಿಮೀಟರಿನ ಸೆಲ್‌ಗೆ ಹಿಡಿಯುವುದು ಎರಡೂವರೆ ಮೈಕ್ರೋಲೀಟರ್ ಅಷ್ಟೇ. ಒಂದು ಗ್ರಾಂನಲ್ಲಿ ಹತ್ತಿರ ಹತ್ತಿರ ನಾನೂರು ಸೆಲ್ ತುಂಬಬಹುದು, ಅಲ್ವಾ? ಅಷ್ಟು ಸೆಲ್ ಮಾಡುವ ಮೊದಲೇ ಎಂಬಿಬಿಎ ಸೀಸೆ ಕೆಟ್ಟಿರುತ್ತದೆ. ಒಂದೇ ದಿನದ ತರಗತಿ ಪ್ರದರ್ಶನಕ್ಕೆ ಎಂಬಿಬಿಎ ಧಾರಾಳವಾಗಿ ತರಿಸಿ. ನನ್ನಂತೆ ತಿಂಗಳುಗಟ್ಟಲೆ ಅಳೆಯುವವರಾದರೆ ಫೇಸ್ 5ಎಯನ್ನು ಎಷ್ಟು ಸಣ್ಣ ಪ್ರಮಾಣದಲ್ಲಿ ಸಿಗುತ್ತದೋ ಅಷ್ಟೇ ತಗೊಳ್ಳಿ, ಉಳಿದ ದುಡ್ಡನ್ನು ಒಳ್ಳೆಯ ಐಟಿಒ ಗಾಜಿಗೆ (ವಿದ್ಯುತ್ ಹರಿಯುವ ಪಾರದರ್ಶಕ ಲೇಪನದ ಗಾಜು) ಹಾಕಿ.